ಗುಂಡಕ್ಕನ ಬೆನ್ನು

ವ್ಯಾಯಾಮಶಾಲೆಯಲ್ಲಿ ಟೈಲರಮ್ಮ ತೂಕದ ಬಾರ್ ಎತ್ತಿ ನೆಟ್ಟಗೆ ನಿಂತ ಹೊತ್ತಿಗೆ ಎದುರಿನ ಕನ್ನಡಿಯಲ್ಲಿ ಗುಂಡಕ್ಕ ಮತ್ತೆ ಕಾಣಿಸಿಕೊಂಡಳು.

ಮುಖವಿಲ್ಲ. ಬೆನ್ನು ಮಾತ್ರ. ಅಲ್ಲಿ ಎಲ್ಲರೂ ತೊಡುವ ಅದೇ ನೀಲಿ ಟೀ ಶರ್ಟು, ಅದರೊಳಗಿಂದ ಚುಚ್ಚಿಕೊಂಡು ನಿಂತ ಹೆಗಲ ಮೂಳೆಗಳು, ಬತ್ತಿದ ಕತ್ತು. ವ್ಯಾಯಾಮ ಕಲಿಸುವ ಮಾಸ್ಟರಮ್ಮ ಗಕ್ಕನೆ ಹಿಂತಿರುಗಿದರು. ಯಾರೂ ಇಲ್ಲ. ಖಾಲಿ ಬೆಂಚು, ಕಂಬಕ್ಕೆ ಓರೆಯಾಗಿ ಒರಗಿಸಿಟ್ಟ ಇನ್ನೊಂದು ಕನ್ನಡಿ, ಅಷ್ಟೆ.

"ಇಳಿಸ್ಲಾ ಮಾಸ್ಟರಮ್ಮ, ಇಲ್ಲ ಇದನ್ನ ಹೊತ್ಕೊಂಡೇ ಮನೆಗೆ ಹೋಗ್ಲಾ?" ಎಂದಳು ಟೈಲರಮ್ಮ. ಚಾಪೆಯ ಮೇಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಇಳಿಸಮ್ಮ, ನಿಧಾನ. ಬೆನ್ನು ಬಾಗಿಸ್ಬೇಡ." ಮಾಸ್ಟರಮ್ಮ ಜಾರುತ್ತಿದ್ದ ಪ್ಯಾಂಟನ್ನು ಮೇಲೆಳೆದುಕೊಂಡು, ಬಾಟಲಿಯ ನೀರನ್ನು ಗಟಗಟನೆ ಕುಡಿದರು. ಬೆಳಗಿನಿಂದ ಅದು ಮೂರನೆಯ ಬಾಟಲಿ. ಹೆದರಿಕೆಗೆ ಗಂಟಲು ಒಣಗುತ್ತದೆ ಎಂದುಕೊಂಡರು.

ಗುಂಡಕ್ಕ ಎಂಬ ಹೆಸರು ಅವಳು ತನಗೆ ತಾನೇ ಇಟ್ಟುಕೊಂಡದ್ದು. "ಬೇರೆಯವರು ಇಡೋ ಮೊದ್ಲು ನಾನೇ ಇಟ್ಕೊಂಡ್ಬಿಟ್ಟೆ," ಎನ್ನುತ್ತಿದ್ದಳು. ತೂಕ ಇಳಿಸಲು ಬಂದವಳು ನಾಲ್ಕೇ ತಿಂಗಳಲ್ಲಿ ಅರ್ಧವಾದಳು. ಊಟ ಸೇರುತ್ತಿಲ್ಲ ಎಂದಾಗ ಶಹಬ್ಬಾಸ್ ಎಂದವರು ಮಾಸ್ಟರಮ್ಮ. ಸುಸ್ತು ಎಂದಾಗ, ಕೊಬ್ಬು ಕರಗುವಾಗ ಹಾಗೇ ಎಂದವರೂ ಅವರೇ. 'ಅಂದು' 'ಇಂದು' ಎಂದು ಅವಳ ಎರಡು ಫೋಟೋ ಗೋಡೆಗೆ ಹಚ್ಚಿ ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಮೂರು ವಾರಕ್ಕೆ ಅವಳ ಹೊಟ್ಟೆಯೊಳಗೆ ಗಡ್ಡೆ ಸಿಕ್ಕಿತು. ಆಗಲೇ ಕಾಲ ಮೀರಿತ್ತು.

ಕೊನೆಯ ಸಲ ನೋಡಲು ಹೋದಾಗ, "ಇನ್ನೂ ನಾಲ್ಕು ಕೆಜಿ ಇಳಿದಿದೀನಿ. ಎಲ್ಲಿ ಚಪ್ಪಾಳೆ?" ಎಂದಿದ್ದಳು. ಬಂದವರನ್ನು ನಗಿಸಲೆಂದೇ ಅಂದದ್ದು, ಪಾಪ. ಆದರೆ ಆ ಮಾತು ಮಾಸ್ಟರಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಫೋಟೋಗಳನ್ನು ತೆಗೆದರು. ತೂಕದ ಯಂತ್ರವನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಎಷ್ಟು ಇಳಿದಿರಿ ಎಂದು ಆಮೇಲೆ ಯಾರನ್ನೂ ಕೇಳಲಿಲ್ಲ.

ಅವಳು ತೀರಿಕೊಂಡು ಒಂದು ವರ್ಷ. ಈಗ ಆರು ವಾರದಿಂದ ಗುಂಡಕ್ಕ ಬರುತ್ತಿದ್ದಾಳೆ. ಅದೂ ಟೈಲರಮ್ಮನ ಸರದಿಯಲ್ಲಿ ಮಾತ್ರ. ಆ ಗುಂಪಿನಲ್ಲಿ ಉದ್ದ ಬಾರ್ ಎತ್ತುವವಳು ಅವಳೊಬ್ಬಳೇ. ಮಾಸ್ಟರಮ್ಮ ಕಂಬಕ್ಕೆ ಬೆನ್ನು ಮಾಡಿ ಅವಳ ಪಕ್ಕ ಕೈಯೊಡ್ಡಿ ನಿಂತಿರಬೇಕು, ಕಣ್ಣು ಅವಳ ಮಂಡಿಯ ಮೇಲೆ, ಸೊಂಟದ ಮೇಲೆ. ಆಗ ಕನ್ನಡಿಯ ಅಂಚಿನಲ್ಲಿ ಆ ಬೆನ್ನು. ಟೈಲರಮ್ಮನ ಕೆನ್ನೆಗಳೂ ಇತ್ತೀಚೆಗೆ ಇಳಿದಿದ್ದವು. ಗುಂಡಕ್ಕ ಯಾರನ್ನು ತೋರಿಸುತ್ತಿದ್ದಾಳೆ ಎಂದು ಬಿಡಿಸಿ ಹೇಳಬೇಕೆ?

ಪಾಠ ಮುಗಿಯಿತು. ಕಬ್ಬಿಣದ ಬಿಲ್ಲೆಗಳನ್ನು ಎತ್ತಿಡಲು ಮಾಸ್ಟರಮ್ಮ ಬಗ್ಗುವ ಮೊದಲೇ ಗುಂಪಿನಲ್ಲಿದ್ದ ಬ್ಯಾಂಕಿನಾಕೆ ಓಡಿಬಂದಳು. "ಬಿಡಿ, ನಾವಿಡ್ತೀವಿ. ಇದೂ ವ್ಯಾಯಾಮ ತಾನೇ?" ಈಚೆಗೆ ದಿನವೂ ಹೀಗೇ. ಎಂಥ ಒಳ್ಳೆಯ ಹೆಂಗಸರು ಎಂದುಕೊಂಡು ಮಾಸ್ಟರಮ್ಮ ಟೈಲರಮ್ಮನನ್ನು ಬದಿಗೆ ಕರೆದರು.

"ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳೆ. ನನ್ನಾಣೆ."

"ಇಳೀದಿದ್ರೆ ಬೈಯೋರನ್ನ ನೋಡಿದೀನಿ. ಇಳಿದ್ರೆ ಬೈಯೋ ಮಾಸ್ಟರನ್ನ ಇವತ್ತೇ ನೋಡಿದ್ದು!"

"ತಮಾಷೆ ಬೇಡ. ಇನ್ನೊಬ್ಬಳನ್ನ ಕಳ್ಕೊಳೋ ಶಕ್ತಿ ನಂಗಿಲ್ಲ."

ಟೈಲರಮ್ಮನ ನಗು ನಿಂತಿತು. ಬಟ್ಟೆಗೆ ಅಳತೆ ನೋಡುವವರ ಹಾಗೆ ಮಾಸ್ಟರಮ್ಮನನ್ನು ಮೇಲಿನಿಂದ ಕೆಳಗೆ ನೋಡಿದಳು. "ಆಯ್ತು. ಆದ್ರೆ ಸೂಜಿ ಕಂಡ್ರೆ ನಂಗೆ ಜೀವಾನೇ ಹೋಗತ್ತೆ. ಮೊದ್ಲು ನೀವು ಚುಚ್ಚಿಸ್ಕೊಳಿ, ಆಮೇಲೆ ನಾನು."

"ದಿನವೆಲ್ಲ ಸೂಜಿ ಹಿಡಿಯೋಳಿಗೆ ಸೂಜಿ ಭಯವಾ?" ಎಂದು ಬ್ಯಾಂಕಿನಾಕೆ ನಗಲು ಹೋದವಳು, ಟೈಲರಮ್ಮನ ಕಣ್ಣು ನೋಡಿ ಬಿಲ್ಲೆಗಳ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಪಕ್ಕದ ಬೀದಿಯ ದವಾಖಾನೆಯಲ್ಲಿ ಇಬ್ಬರೂ ರಕ್ತ ಕೊಟ್ಟರು. ಸೂಜಿ ಇಳಿಯುವಾಗ ಟೈಲರಮ್ಮ ಹುಬ್ಬು ಕೂಡ ಗಂಟಿಕ್ಕಲಿಲ್ಲ. ಬೆಂಚಿನ ಮೇಲೆ ಕೂತು ಕಾದರು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ಟೈಲರಮ್ಮನದು ಎಲ್ಲ ಸರಿಯಿದೆ ಎಂದು ಚೀಟಿ ಕೊಟ್ಟು ಹೋದಳು.

ಮಾಸ್ಟರಮ್ಮನಿಗೆ ಅಳು ತಡೆಯಲಾಗಲಿಲ್ಲ. ಒಂದು ವರ್ಷದಿಂದ ಕಟ್ಟಿಕೊಂಡಿದ್ದ ಅಳು. "ಹುಚ್ಚಿ ಅನ್ಬೇಡ ಕಣೆ. ಕನ್ನಡೀಲಿ ಗುಂಡಕ್ಕ ಕಾಣ್ತಾಳೆ. ನಿನ್ನ ಕರ್ಕೊಂಡು ಹೋಗೋಕೇ ಬಂದಿದಾಳೆ ಅಂತ ದಿನಾ ಸತ್ತಿದೀನಿ."

ಟೈಲರಮ್ಮ ನಗಲಿಲ್ಲ. ಮಾಸ್ಟರಮ್ಮನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಬೆನ್ನು ಮಾತ್ರ ಕಾಣತ್ತೆ, ಅಲ್ವಾ?"

ಮಾಸ್ಟರಮ್ಮ ಗಕ್ಕನೆ ತಲೆಯೆತ್ತಿದರು. "ನಿಂಗೂ ಕಾಣತ್ತಾ?"

"ನಮಗೆಲ್ಲರಿಗೂ ಕಾಣತ್ತೆ. ಆರು ವಾರದಿಂದ. ಹೇಗೆ ಹೇಳೋದು ಅಂತಾನೇ ಯಾರಿಗೂ ತಿಳೀಲಿಲ್ಲ."

ಒಳಗಿನಿಂದ ಡಾಕ್ಟರಮ್ಮ ತಾವೇ ಎದ್ದು ಬಂದರು, ಕೈಯಲ್ಲಿ ಇನ್ನೊಂದು ಚೀಟಿ. "ಇದು ಯಾರದು? ಸಕ್ಕರೆ ಮಿತಿ ಮೀರಿದೆ, ಇವತ್ತೇ ಅಡ್ಮಿಟ್ ಆಗ್ಬೇಕು. ಹೆದರ್ಬೇಡಿ, ಸರಿಯಾದ ಹೊತ್ತಿಗೇ ಬಂದಿದೀರಿ."

ಮಾಸ್ಟರಮ್ಮ ಚೀಟಿಯನ್ನೂ ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. "ಎಲ್ಲರಿಗೂ ಕಾಣತ್ತಾ ಗುಂಡಕ್ಕ?" ಎಂದು ಮತ್ತೆ ಕೇಳಿದರು.

"ಗುಂಡಕ್ಕ ಅಲ್ಲ," ಎಂದಳು ಟೈಲರಮ್ಮ, ಹಿಡಿದ ಕೈ ಬಿಡದೆ. "ಅದು ನಿಮ್ಮ ಬೆನ್ನು, ಮಾಸ್ಟರಮ್ಮ."