ಹುಣಸೆಹಣ್ಣು ಮತ್ತು ಜೋಡಿ ಪಿಸ್ತೂಲು

ಸಾರಿಗೆ ಹುಣಸೆಹಣ್ಣು ಕಿವುಚಿದ ಮೇಲೆ ಈಗಲೂ ನಾನು ಬೆರಳುಗಳನ್ನು ಎರಡೆರಡು ಸಲ ತೊಳೆಯುತ್ತೇನೆ.

ನನಗಾಗ ಎಂಟು ವರ್ಷ. ನೇಪರ್‌ವಿಲ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅಪ್ಪ ಬಿಡುವಿದ್ದಾಗ ಹಳೆಯ ಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದ. ಆ ವಾರ ಪಕ್ಕದ ಊರು ಡೌನರ್ಸ್ ಗ್ರೋವ್‌ನ ಮುದುಕರೊಬ್ಬರು ಮರದ ಪೆಟ್ಟಿಗೆಯಲ್ಲಿ ಒಂದು ಜೊತೆ ಪಿಸ್ತೂಲು ಕೊಟ್ಟುಹೋಗಿದ್ದರು. ಇನ್ನೂರು ವರ್ಷಗಳ ಹಿಂದೆ, ಇಬ್ಬರು ಎದುರುಬದುರು ನಿಂತು ಗುಂಡು ಹಾರಿಸಲೆಂದೇ ಮಾಡಿದವು. ವಾಲ್‌ನಟ್ ಮರದ ಹಿಡಿ, ಕಿಡಿ ಹಾರಿಸುವ ಚಕಮಕಿ ಕಲ್ಲು, ಕಪ್ಪಾದ ಹಿತ್ತಾಳೆಯ ಮೇಲೆ ನವಿರಾದ ಬಳ್ಳಿಯ ಕೆತ್ತನೆ.

“ಎರಡೂ ಒಂದಽ ಥರ ಇರಬೇಕು. ಕೂದಲಷ್ಟು ಫರಕಾದ್ರೂ ಒಬ್ಬಂವಗ ಮೋಸ ಆಗ್ತದ,” ಅನ್ನುತ್ತಿದ್ದ ಅಪ್ಪ.

ಆಯುಧಪೂಜೆಯ ಮಧ್ಯಾಹ್ನ, ಧಾರವಾಡದಿಂದ ಬಂದಿದ್ದ ಅಜ್ಜಿ ಅಪ್ಪನ ಸ್ಪ್ಯಾನರುಗಳಿಗೆ ಕುಂಕುಮ ಹಚ್ಚುತ್ತ, “ದೇವರ ಮುಂದ ಕರ್ರಗಿದ್ದದ್ದು ಇಡಬಾರದವಾ,” ಎಂದಳು. ನಾನು ಒಂದು ಪಿಸ್ತೂಲಿನ ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಗಸಗಸ ತಿಕ್ಕಿದೆ. ಚಿನ್ನದಂತೆ ಹೊಳೆಯಿತು. ಪೆಟ್ಟಿಗೆಯಲ್ಲಿ ಅದರ ಜೋಡಿಯ ಪಕ್ಕ ಇಟ್ಟು ನೋಡಿದರೆ ಒಂದು ಚಿನ್ನ, ಇನ್ನೊಂದು ಕಪ್ಪು. ಕೂರಲಾಗದೆ, ನಿಲ್ಲಲಾಗದೆ, ಗರಾಜಿನ ಬಾಗಿಲ ಸದ್ದಿಗೆ ಕಿವಿಗೊಟ್ಟು ಮೆಟ್ಟಿಲು ಹತ್ತಿ ಇಳಿದೆ.

ಎಲ್ಕ್ ಗ್ರೋವ್‌ನ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬಂದ ಅಪ್ಪ ಪೆಟ್ಟಿಗೆ ನೋಡಿ ನಿಂತುಬಿಟ್ಟ. “ಆ ಕರ್ರಗಿನ ಬಣ್ಣ ಕೂಡಾಕ ಇನ್ನೂರು ವರ್ಷ ಹಿಡದಿತ್ತು. ಯಾರು ತಿಕ್ಕಿದ್ರು?”

“ನಾನಽ ತಿಕ್ಕೀನಿ ತಮ್ಮಾ. ನನಗೇನು ತಿಳೀತದ,” ಎಂದಳು ಅಜ್ಜಿ. ನಾನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಅಪ್ಪ ನನ್ನ ಕೈ ಹಿಡಿದು ಬೆರಳುಗಳನ್ನು ಮೂಸಿದ. ಆಮೇಲೆ ಅಜ್ಜಿಯ ಕಡೆ ತಿರುಗಿ, “ಇರಲಿ ಬಿಡವ್ವಾ. ಇನ್ನ ಮ್ಯಾಲೆ ತಿಕ್ಕಬ್ಯಾಡ,” ಎಂದ.