ನಾಮಕರಣಕ್ಕೆ ಎತ್ತಿಟ್ಟ ಗಾಳಿ

ನಾಮಕರಣಕ್ಕೆ ಬಂದವರಿಗೆ ಎಲೆ ಅಡಿಕೆ ಜೊತೆ ಎರಡು ಉಸಿರು ಒಳ್ಳೆಯ ಗಾಳಿ ಕೊಡದಿದ್ದರೆ ಊರು ಆಡಿಕೊಳ್ಳುತ್ತದೆ. ಅದಕ್ಕೇ ಸಾವಂತ್ರಮ್ಮ, ಮಗಳು ನೀಲವೇಣಿಯ ಹೆರಿಗೆಗೆಂದು ರೇಷನ್ ಅಂಗಡಿಯಲ್ಲಿ ಕೊಟ್ಟ ಗಾಳಿಯಲ್ಲೇ ಒಂದು ಸಿಲಿಂಡರ್ ಉಳಿಸಿ, ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು.

ಆಸ್ಪತ್ರೆಯ ಹೆರಿಗೆ ಕೋಣೆಯಿಂದ ನರ್ಸ್ ರೆಜಿನಾ ಹೊರಗೆ ಬಂದರು.

"ಅಜ್ಜಿ, ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆ ಮಾಡಿದ್ವಿ. ಹೆರಿಗೆ ನೋವಿನ ಹೊತ್ತಲ್ಲಿ ಮಗುಗೆ ಗಾಳಿ ಸಾಕಾಗಿಲ್ಲ. ಇಲ್ಲಿಗೆ ಬರೋ ಮುಂಚೆ ಮನೇಲಿ ನೀಲವೇಣಿಗೆ ಮಾಸ್ಕ್ ಹಾಕಿರಲಿಲ್ವಾ?"

"ಹಾಕಿದ್ದೆ. ನೋವು ಬಂದಾಗ ಗಾಳಿ ಪೂರ್ತಿ ಬಿಡ್ತಿದ್ದೆ. ನೋವು ನಿಂತಾಗ ಸಣ್ಣಗೆ ಮಾಡ್ತಿದ್ದೆ. ಅನ್ನ ಕುದಿ ಬಂದ್ಮೇಲೆ ಒಲೆ ಸಣ್ಣಗೆ ಮಾಡಲ್ವಾ, ಹಾಗೆ."



"ನೋವು ಬಂದಾಗ ಮಗುಗೆ ಗಾಳಿ ಹೋಗೋದು ಕಷ್ಟ ಅಜ್ಜಿ. ನೋವು ನಿಂತಾಗಲೇ ಸೇರೋದು."

"ಒಂದು ಸಿಲಿಂಡರ್ ತುಂಬಿದ್ದು ಮನೇಲಿದೆ. ತರ್ತೀನಿ. ಎಲ್ಲಾ ಮಗುಗೇ ಹಾಕಿ."

"ಈಗ ಉಸಿರು ಚೆನ್ನಾಗೇ ಆಡ್ತಿದೆ. ಕೆಟ್ಟಿರೋದು ತಲೆ ಒಳಗೆ. ಅದಕ್ಕೆ ಈ ಗಾಳಿ ಆಗಲ್ಲ."

ಸಿಲಿಂಡರ್ ಹಾಗೇ ಉಳಿಯಿತು. ನಾಮಕರಣಕ್ಕೆ ಬಂದವರೆಲ್ಲ ಎರಡೆರಡು ಉಸಿರು ಎಳೆದುಕೊಂಡು, ತೊಟ್ಟಿಲೊಳಗೆ ಬಗ್ಗಿ ನೋಡಿದರು. ಇಷ್ಟು ಗದ್ದಲದಲ್ಲೂ ಅಳಲಿಲ್ಲವಲ್ಲ, ಎಂಥ ಜಾಣ ಮಗು ಎಂದು ಹೊಗಳಿ ಹೋದರು.