ನಡೆಯುವ ಹುಣಸೆಮರ

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಲು ಇದ್ದಿಲು ಕೈಗೆತ್ತಿಕೊಂಡಾಗಲೆಲ್ಲ ಹುಣಸೂರಿನ ಪಕ್ಕದ ನಮ್ಮೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಗೆ ಆಗಷ್ಟೇ ಸುಣ್ಣ ಹೊಡೆದಿದ್ದರು. ಆ ತಣ್ಣನೆಯ ಬಿಳಿ ಗೋಡೆಯ ಮೇಲೆ, ಒಲೆಯಿಂದ ಆಯ್ದ ಇದ್ದಿಲಿನಲ್ಲಿ, ಎರಡು ಕಾಲಿನಲ್ಲಿ ನಡೆದು ಹೋಗುತ್ತಿರುವ ಒಂದು ಹುಣಸೆಮರ ಬರೆದೆ.

ಅಣ್ಣ ನೋಡಿ ಬಿದ್ದು ಬಿದ್ದು ನಕ್ಕ. "ಮರಕ್ಕೆ ಕಾಲಿರ್ತದೇನೇ? ಅಜ್ಜಿ ನೋಡ್ಲಿ, ಐತೆ ನಿಂಗೆ!"

ಅವನು ಹೋದ ಮೇಲೆ ನನಗೂ ಅದು ಪೆದ್ದು ಚಿತ್ರವೆನಿಸಿತು. ಲಂಗದ ಅಂಚನ್ನು ಒದ್ದೆ ಮಾಡಿ ಕಾಲುಗಳನ್ನು ಒರೆಸತೊಡಗಿದೆ. ಗೋಡೆಯೆಲ್ಲ ಮಸಿಯಾಯಿತು. ತಿರುಗಿ ನೋಡಿದರೆ ಅಜ್ಜಿ ನಿಂತಿದ್ದಳು. ಅವಳ ಕೈ ಮೇಲೇಳುವುದನ್ನು ಕಂಡು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕೈ ಗೋಡೆಯನ್ನು ತೋರಿಸುತ್ತಿತ್ತು.

"ಕಾಲ್ಯಾಕವ್ವ ಅಳಿಸ್ದೆ? ಇಷ್ಟು ದೊಡ್ಡ ಮರಕ್ಕೆ ಎರಡು ಸಾಲಾಕಿಲ್ಲ ಕಣವ್ವ, ಬಿದ್ದೋಯ್ತದೆ. ನಾಕು ಬರಿ."

ನಾಲ್ಕು ಕಾಲು ಬರೆದೆ. ಅಜ್ಜಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡಿದಳು.

"ಎಲ್ಗೋಯ್ತಾ ಅದೆ ಇದು?"

"ಗೊತ್ತಿಲ್ಲ ಅಜ್ಜಿ."

"ಬರೀತಾ ಓಗು," ಅಂದಳು. "ಗೊತ್ತಾಯ್ತದೆ."